ಹಡಗೇ ಕಬ್ಬಿಣ, ಮತ್ತೆ ಅರ್ಥಿಂಗ್ ಯಾಕೆ?
ಕೊಪ್ಪಳ, ಗಂಗಾವತಿ ಕಡೆಯಿಂದ ಕಾರವಾರಕ್ಕೆ ಪ್ರವಾಸ ಹೋದವರು ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ನೋಡಿರುತ್ತಾರೆ. 2006ರಿಂದ ಅದು ಯುದ್ಧನೌಕೆ ಸಂಗ್ರಹಾಲಯ.

ಇಂಥ ಹಳೆಯ ಹಡಗಿಗೆ ರೇಡಿಯೋ ಕೂರಿಸುವಾಗ ‘ಎಲ್ಲ ಕಬ್ಬಿಣವೇ, ಅರ್ಥಿಂಗ್ ಬೇಡ’ ಎನ್ನುವುದು ಅರ್ಧ ಸತ್ಯ. ತೇಲುವಾಗ ಉಪ್ಪುನೀರೇ ಅರ್ಥಿಂಗ್. ದಡ ಸೇರಿದ ಹಡಗಿಗೆ ಆ ಆಸರೆ ಇಲ್ಲ. ಸಿಡಿಲಿಗೆ ನೆಲದವರೆಗೆ ದಪ್ಪ ತಂತಿಯ ದಾರಿ ಬೇಕೇ ಬೇಕು.

ತಗಡಿನ ಶೆಡ್ಡಿನಲ್ಲಿ ಮೊಬೈಲ್ ಸಿಗ್ನಲ್ ಕುಗ್ಗುತ್ತದಲ್ಲ, ಹಾಗೆಯೇ ಉಕ್ಕಿನ ಗೋಡೆಯೂ ಅಲೆ ತಡೆಯುತ್ತದೆ. ಆಂಟೆನಾ ಹೊರಗಿರಲಿ. ಹಾಗಂತ ಡ್ರಿಲ್ ಹಿಡಿಯಬೇಡಿ. ಕ್ಲ್ಯಾಂಪ್ ಹಾಕಿ, ಹಳೆಯ ಕೇಬಲ್ ದಾರಿಯನ್ನೇ ಬಳಸಿ. ತಾಮ್ರ ನೇರವಾಗಿ ತಾಗಿದರೆ ಉಪ್ಪುಗಾಳಿಯಲ್ಲಿ ಮೊದಲು ತುಕ್ಕು ತಿನ್ನುವುದು ಉಕ್ಕನ್ನೇ. ಹೆಚ್ಚು ಶಕ್ತಿಯ ರೇಡಿಯೋದಲ್ಲಿ ಮಾತಾಡುವಾಗ ಆಂಟೆನಾ ಮುಟ್ಟಿದರೆ ಚರ್ಮ ಸುಡುತ್ತದೆ. ನೋಡಲು ಬರುವ ಮಕ್ಕಳ ಕೈಗೆ ಅದು ಎಟುಕಬಾರದು.