ಬಲಗೈ, ಎಡಗೈ ಮತ್ತು ಲೆಕ್ಕದ ಪುಸ್ತಕ

ಇಗರ್ಜಿಯ ಲೆಕ್ಕ ಕೇಳುವವನಿಗೆ ಭಕ್ತಿ ಕಡಿಮೆ ಎಂಬ ನಂಬಿಕೆ ನಮ್ಮ ಕರಾವಳಿಯ ಕೆಥೊಲಿಕರಲ್ಲಿ ಇನ್ನೂ ಗಟ್ಟಿಯಾಗಿದೆ. ‘ದೇವರಿಗೆ ಕೊಟ್ಟಮೇಲೆ ಮುಗಿಯಿತು, ಅದರ ಬೆನ್ನು ಹಿಡಿದು ಹೋಗುವುದು ಯಾಕೆ?’ ಎಂದು ಹಿರಿಯರು ಗದರುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದೆಂಬ ಯೇಸುವಿನ ಬೋಧನೆಯನ್ನೂ ಸಾಕ್ಷಿಗೆ ಕರೆಯುತ್ತಾರೆ. ನನ್ನ ತಕರಾರು ಇಲ್ಲಿಂದಲೇ ಸುರು. ಆ ಬೋಧನೆ ಕೊಡುವವನಿಗೆ ಮಾಡಿದ್ದು; ಪೆಟ್ಟಿಗೆಯ ಬೀಗದ ಕೈ ಇಟ್ಟುಕೊಂಡವನಿಗಲ್ಲ. ಕೊಡುವವನು ಗುಟ್ಟಾಗಿ ಕೊಡಲಿ, ಖರ್ಚು ಮಾಡುವವನು ಎಲ್ಲರೆದುರು ಖರ್ಚು ಮಾಡಲಿ. ನಾವಾದರೋ ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ದಾನಿಯ ಹೆಸರು ಅಮೃತಶಿಲೆಯ ಮೇಲೆ, ಲೆಕ್ಕದ ಪುಸ್ತಕ ಕಪಾಟಿನ ಒಳಗೆ!

ಹನಿಗೂಡಿ ಹಳ್ಳ, ತೆನೆಗೂಡಿ ಬಳ್ಳ. ಇಗರ್ಜಿಯ ಹಣವೂ ಕೂಡುವುದು ಹಾಗೆಯೇ. ಸೆಪ್ಟೆಂಬರ್ 8ರಂದು ಮೊಂತಿ ಹಬ್ಬದ ಹೊಸ ತೆನೆಗಾಗಿ ಸಾಲುಗಟ್ಟಿ ನಿಂತವರನ್ನು ನೋಡಿ. ಮಗ ಕೊಲ್ಲಿಯಲ್ಲಿ ದುಡಿಯುವ ತಂದೆ ಇದ್ದಾನೆ, ಅಡಿಕೆ ತೋಟದ ಧಣಿ ಇದ್ದಾರೆ, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಿಯೂ ಇದ್ದಾಳೆ. ಆ ತಾಯಿ ಲಕೋಟೆಯಲ್ಲಿ ಹಾಕುವ ನೂರು ರೂಪಾಯಿ ಆಕೆಯ ಬೆನ್ನುನೋವಿನ ಬೆಲೆ. ದೇವಾಲಯದ ಪೆಟ್ಟಿಗೆಗೆ ಬಡ ವಿಧವೆ ಹಾಕಿದ ಎರಡು ಕಾಸನ್ನು ಯೇಸು ಗಮನಿಸಿ ನೋಡಿದ. ಆತ ಅಷ್ಟು ದೊಡ್ಡದೆಂದು ಎಣಿಸಿದ್ದು ನಮಗೆ ಲೆಕ್ಕ ಕೊಡದಷ್ಟು ಸಣ್ಣದಾಯಿತೆ?

ಲೆಕ್ಕ ಕೇಳುವುದು ದಂಗೆಯಲ್ಲ. ಪೋಪ್ ಎರಡನೇ ಜಾನ್ ಪೌಲರು 1983ರಲ್ಲಿ ಜಾರಿಗೆ ತಂದ ಧರ್ಮಸಭೆಯ ಕಾನೂನು ಸಂಹಿತೆಯನ್ನೇ ತೆರೆದು ನೋಡಿ. ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಹಣಕಾಸು ಸಮಿತಿ ಇರಲೇಬೇಕೆಂದು 537ನೆಯ ಕಲಮು ಹೇಳುತ್ತದೆ. ಒಂದು ಉದ್ದೇಶಕ್ಕೆಂದು ಭಕ್ತರು ಕೊಟ್ಟದ್ದನ್ನು ಅದೇ ಉದ್ದೇಶಕ್ಕೆ ಬಳಸಬೇಕೆಂದು 1267 ಹೇಳುತ್ತದೆ. ಅವರ ಕಾಣಿಕೆಯ ಲೆಕ್ಕವನ್ನು ಅವರಿಗೇ ಒಪ್ಪಿಸಬೇಕೆಂದು 1287 ಹೇಳುತ್ತದೆ. ಅದಕ್ಕೂ ಹಿಂದೆ, ಸಂತ ಪೌಲ ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ಅದರ ಹೊಣೆಯನ್ನು ತಾನೊಬ್ಬನೇ ಹೊರಲಿಲ್ಲ. ಯಾರೂ ಬೆರಳು ತೋರಿಸಬಾರದೆಂದು, ಸಭೆಗಳೇ ಆರಿಸಿದ ಒಬ್ಬನನ್ನು ಜತೆಗಿಟ್ಟುಕೊಂಡ. ಪೌಲನಿಗೆ ಬೇಕಾದ ಸಾಕ್ಷಿ ನಮ್ಮ ವಿಗಾರರಿಗೆ ಬೇಡವೆ?

ನಾನು ಹತ್ತಿರದಿಂದ ಕಂಡ ಒಂದು ಇಗರ್ಜಿಯಲ್ಲಿ, ಹೆಸರು ಬೇಡ, ಶಾಲೆಯ ಮಾಡು ಸೋರುತ್ತದೆಂದು ಎತ್ತಿದ ಹಣದಿಂದ ರಸ್ತೆ ಬದಿಯಲ್ಲಿ ಸ್ವಾಗತದ ಕಮಾನು ಎದ್ದಿತು. ಒಂದು ಪೈಸೆಯೂ ಯಾರ ಕಿಸೆಗೂ ಹೋಗಿರಲಿಲ್ಲ. ಆದರೂ ಮಕ್ಕಳು ಆ ಮಳೆಗಾಲವೂ ಬೆಂಚು ಸರಿಸಿ ಸರಿಸಿ ಕೂತರು. ಕೇಳಿದ್ದಕ್ಕೆ ‘ಕಮಾನು ಕೂಡ ದೇವರಿಗೇ ಅಲ್ಲವೆ?’ ಎಂಬ ಉತ್ತರ ಬಂತು. ಕದಿಯುವುದೊಂದೇ ತಪ್ಪೆಂದು ತಿಳಿದವರ ಉತ್ತರ ಇದು. ಕೊಟ್ಟವರ ಮನಸ್ಸನ್ನು ಮೀರಿ ಖರ್ಚು ಮಾಡುವುದೂ ಅನ್ಯಾಯವೇ.

‘ಹಾಗಾದರೆ ಪಾದ್ರಿಗಳ ಮೇಲೆ ಸಂಶಯವೆ?’ ಎಂದು ಕೇಳಬಹುದು. ಅಲ್ಲ ಸ್ವಾಮಿ. ಲೆಕ್ಕದ ಹಾಳೆ ಪ್ರಾಮಾಣಿಕ ಪಾದ್ರಿಯ ಕೊಡೆ. ಅದು ಇಲ್ಲದ ಕಡೆ ಅವರಿಗೆ ವರ್ಗವಾದ ಮರುದಿನವೇ ಅಂಗಡಿ ಜಗಲಿಯಲ್ಲಿ ಸುದ್ದಿ ಹುಟ್ಟುತ್ತದೆ. ಮಂಗಳೂರಿನ ಕೆಥೊಲಿಕರು 1912ರಲ್ಲೇ ಸಹಕಾರಿ ಬ್ಯಾಂಕು ಕಟ್ಟಿದವರು. ಆಡಿಟ್ ಎಂದರೇನೆಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಬ್ಯಾಂಕಿನ ಶೇರುದಾರನಿಗೆ ಸಲ್ಲುವ ಮರ್ಯಾದೆ ಇಗರ್ಜಿಯ ಒಕ್ಕಲಿಗೂ ಸಲ್ಲಲಿ. ವರ್ಷವರ್ಷ ತಪ್ಪದೆ ಲೆಕ್ಕ ಓದುವ ವಿಗಾರರು ಇದ್ದಾರೆ, ಅವರಿಗೆ ನಮಸ್ಕಾರ. ಅವರು ಮಾಡುವುದು ಉಳಿದವರಿಗೂ ಸಾಧ್ಯ ಎಂದಷ್ಟೇ ನನ್ನ ವಾದ.

ಲೆಕ್ಕ ಕೇಳುವ ಶೂರರಿಗೂ ಒಂದು ಮಾತಿದೆ. ಕಾಣಿಕೆಯ ಚೀಲ ಬಂದಾಗ ಕಿಸೆಯಲ್ಲಿ ಚಿಲ್ಲರೆ ಹುಡುಕಿ, ಹೊರಗೆ ಬಂದು ಲಕ್ಷದ ಲೆಕ್ಕ ಕೇಳುವವರನ್ನು ನಾನು ಬಲ್ಲೆ. ಧರ್ಮಸಭೆಯ ಅಗತ್ಯಗಳಿಗೆ ನೆರವಾಗುವುದು ಭಕ್ತರ ಕರ್ತವ್ಯವೆಂದು ಅದೇ ಸಂಹಿತೆಯ 222ನೆಯ ಕಲಮು ಹೇಳುತ್ತದೆ. ಕೊಡದಿರುವುದಕ್ಕೆ ಲೆಕ್ಕವನ್ನು ನೆಪ ಮಾಡಿಕೊಂಡವನು, ಲೆಕ್ಕ ಕೊಡದವನಿಗಿಂತ ದೊಡ್ಡವನೇನಲ್ಲ.

ಎರಡೂ ಕೂಡಿ ಬಾಳುವ ದಾರಿ ನಮ್ಮಲ್ಲೇ ಇದೆ. 1833ರಲ್ಲಿ ಫ್ರೆಡರಿಕ್ ಓಝನಾಮ್ ಮತ್ತು ಗೆಳೆಯರು ಪ್ಯಾರಿಸಿನಲ್ಲಿ ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ನಮ್ಮ ಎಷ್ಟೋ ಇಗರ್ಜಿಗಳಲ್ಲಿದೆ. ಅದರ ಕೂಟದಲ್ಲಿ ಗುಪ್ತ ಕಾಣಿಕೆಯ ಚೀಲ ತಿರುಗುತ್ತದೆ. ಯಾರು ಎಷ್ಟು ಹಾಕಿದರೆಂದು ಪಕ್ಕದವನಿಗೂ ತಿಳಿಯದು. ಆದರೆ ಒಟ್ಟು ಮೊತ್ತ ಖಜಾಂಚಿಯ ಪುಸ್ತಕಕ್ಕೆ ಏರುತ್ತದೆ. ಕೈ ಗುಟ್ಟು, ಮೊತ್ತ ರಟ್ಟು!

ಆದುದರಿಂದ ನಾನು ಕೇಳುವುದು ವರ್ಷಕ್ಕೊಂದು ಹಾಳೆಯನ್ನು. ಬಂದದ್ದೆಷ್ಟು, ಹೋದದ್ದೆಲ್ಲಿಗೆ, ಉಳಿದದ್ದೆಷ್ಟು, ಹಬ್ಬದ ದೀಪಾಲಂಕಾರಕ್ಕೆಷ್ಟು, ಬಡವರಿಗೆಷ್ಟು ಎಂಬುದು ಬೀಡಿ ಕಟ್ಟುವ ತಾಯಿಗೂ ಅರ್ಥವಾಗುವ ಭಾಷೆಯಲ್ಲಿ ಅದರಲ್ಲಿರಲಿ. ಕಾಣಿಕೆಯ ಲಕೋಟೆಯನ್ನು ಮನೆಮನೆಗೆ ಮುಟ್ಟಿಸುವ ವಾರ್ಡಿನ ಗುರಿಕಾರರಿಗೆ ಲೆಕ್ಕದ ಹಾಳೆಯನ್ನೂ ಮುಟ್ಟಿಸುವುದು ಭಾರವಾಗಲಾರದು.