ಮೊಬೈಲಿಗೆ ಗಡಿ ಇಲ್ಲ, ಅದರ ಭಾಷೆಗೆ ಏಕಿದೆ?

ಮಂಜೇಶ್ವರದ ಒಳಭಾಗದಲ್ಲಿರುವ ನಮ್ಮ ಮನೆಯ ಚಾವಡಿಯಲ್ಲಿ ಕುಳಿತರೆ ಮೊಬೈಲಿಗೆ ಕೇರಳ. ನಾಲ್ಕು ಮೆಟ್ಟಿಲಿಳಿದು ಅಂಗಳದ ತುಳಸಿಕಟ್ಟೆಯ ಬಳಿ ನಿಂತರೆ ಕರ್ನಾಟಕ. ಈಗ ಇದು ನಗುವ ಮಾತು. ಹದಿನೈದು ವರ್ಷಗಳ ಹಿಂದೆ ನಗು ಬರುತ್ತಿರಲಿಲ್ಲ. ತಲಪಾಡಿಯಾಚೆಯ ಟವರಿನ ಸಿಗ್ನಲ್ ಜೋರಾಗಿದ್ದಾಗ ಫೋನು ತಾನಾಗಿಯೇ ಅತ್ತ ಹಾರುತ್ತಿತ್ತು. ಸ್ವಂತ ಅಂಗಳದಲ್ಲಿ ನಿಂತವನಿಗೆ ರೋಮಿಂಗ್ ಶುಲ್ಕ! ಹೋದ ಕರೆಗೂ ದುಡ್ಡು, ಬಂದ ಕರೆಗೂ ದುಡ್ಡು. ನಮ್ಮ ಕಡೆ ಅನೇಕರ ಕಿಸೆಯಲ್ಲಿ ಎರಡೆರಡು ಸಿಮ್ ಇರುತ್ತಿದ್ದುದು ಶೋಕಿಗಲ್ಲ, ಮಂಗಳೂರಿನ ಆಸ್ಪತ್ರೆ, ಪುತ್ತೂರಿನ ನೆಂಟರು, ಕಾಸರಗೋಡಿನ ಕಚೇರಿ ಎಲ್ಲವೂ ಬೇಕಾಗಿದ್ದುದರಿಂದ.

2ಜಿ, 3ಜಿ, 4ಜಿ, 5ಜಿ ಎಂದೊಡನೆ ಎಲ್ಲರೂ ವೇಗದ ಲೆಕ್ಕ ಹೇಳುತ್ತಾರೆ. ಗಡಿನಾಡಿನವರ ಲೆಕ್ಕವೇ ಬೇರೆ. ಆಚೆಯ ಊರಿನ ಬಂಧುವಿಗೆ ಈಚೆಯ ದರದಲ್ಲೇ ಮಾತು ತಲುಪುತ್ತದೆಯೇ, ಆ ಫೋನು ನಮ್ಮ ಭಾಷೆಯಲ್ಲಿ ನಮ್ಮೊಂದಿಗೆ ವ್ಯವಹರಿಸುತ್ತದೆಯೇ ಎಂಬ ಎರಡೇ ಪ್ರಶ್ನೆ ನಮ್ಮದು. ಮೊದಲನೆಯದಕ್ಕೆ ಉತ್ತರ ಸಿಕ್ಕಿದೆ. ಎರಡನೆಯದಕ್ಕೆ ಇನ್ನೂ ಇಲ್ಲ.

ಮೊದಲ ತಲೆಮಾರಿನ ಅನಲಾಗ್ ಮೊಬೈಲ್ ನಮ್ಮ ದೇಶದ ಜನರ ಕೈಗೆ ಬರಲೇ ಇಲ್ಲ. ನಾವು ನೇರವಾಗಿ 2ಜಿಯಿಂದ ಆರಂಭಿಸಿದೆವು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೇಂದ್ರ ಸಚಿವ ಸುಖರಾಮ್ ಅವರಿಗೆ ಮಾಡಿದ ಕರೆಯೇ ಮೊದಲನೆಯದು. ಬಳಿಕ ಮಹಾನಗರಗಳನ್ನು ಬಿಟ್ಟು ಉಳಿದ ಕಡೆ ಹೆಚ್ಚುಕಡಿಮೆ ರಾಜ್ಯಗಳ ಗಡಿಯನ್ನೇ ಹಿಡಿದು 'ಸರ್ಕಲ್'ಗಳನ್ನು ಮಾಡಿದರು. 1956ರಲ್ಲಿ ನೆಲದ ಮೇಲೆ ಎಳೆದ ಗೆರೆಯನ್ನು ಆಕಾಶದಲ್ಲೂ ಎಳೆದಂತಾಯಿತು.

ಆ ಗೆರೆ ಅಳಿಸಿದ್ದು ನಿಧಾನವಾಗಿ. 2003ರಲ್ಲಿ ಸಾಮಾನ್ಯ ಒಳಬರುವ ಕರೆಗೆ ಶುಲ್ಕ ಹೋಯಿತು, ಆದರೆ ರೋಮಿಂಗಿನಲ್ಲಿ ಉಳಿಯಿತು. ನಿಯಂತ್ರಣ ಪ್ರಾಧಿಕಾರ 'ಟ್ರಾಯ್' ರೋಮಿಂಗಿನ ಒಳಕರೆಯ ಗರಿಷ್ಠ ದರವನ್ನು 2013ರಲ್ಲಿ ನಿಮಿಷಕ್ಕೆ 1.75 ರೂಪಾಯಿಯಿಂದ 75 ಪೈಸೆಗೆ, 2015ರಲ್ಲಿ 45 ಪೈಸೆಗೆ ಇಳಿಸಿತು. ಆ ವರ್ಷವೇ ಬಿಎಸ್ಎನ್ಎಲ್ ಅದನ್ನು ಉಚಿತ ಮಾಡಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ 4ಜಿಯೊಂದಿಗೆ ಬಂದ ಮೇಲೆ ಉಳಿದ ಕಂಪೆನಿಗಳೂ ರೋಮಿಂಗ್ ಶುಲ್ಕ ಕೈಬಿಡಬೇಕಾಯಿತು. ನನ್ನ ಎರಡನೆಯ ಸಿಮ್ ಆಮೇಲೆ ಮೇಜಿನ ಡ್ರಾಯರ್ ಸೇರಿತು.

ಅದರ ಬೆಲೆ ತಿಳಿದದ್ದು 2020ರ ಮಾರ್ಚಿನಲ್ಲಿ. ಕೊರೊನಾ ಕಾಲದಲ್ಲಿ ಕರ್ನಾಟಕದ ಕಡೆಯಿಂದ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಕಣ್ಣಿಗೆ ಕಾಣುವ ಊರಿಗೆ ಕಾಲಿಡಲು ಆಗದು. ಆಗ ದಾಟಿದ್ದು ಫೋನು ಮಾತ್ರ. ಡಾಕ್ಟರರ ಸಲಹೆಯಿಂದ ಹಿಡಿದು ನೆಂಟರ ಮುಖದವರೆಗೆ ಎಲ್ಲವೂ 4ಜಿಯ ವೀಡಿಯೊ ಕರೆಯಲ್ಲೇ ಬಂತು. ಕೃತಜ್ಞತೆಯಿಲ್ಲದೆ ನಾನು ದೂರು ಬರೆಯುತ್ತಿಲ್ಲ.

ಆದರೆ ಎರಡನೆಯ ಪ್ರಶ್ನೆ? ಕಳೆದ ಮಳೆಗಾಲದಲ್ಲಿ ನನ್ನ ಚಿಕ್ಕಮ್ಮನ ಕೀಪ್ಯಾಡ್ ಫೋನಿಗೆ ಮೂರು ದಿನ ಕರೆ ಬರುವುದೇ ನಿಂತಿತ್ತು. ಮಂಗಳೂರಿನಲ್ಲಿ ಹೆರಿಗೆಗೆ ಸೇರಿದ್ದ ಮಗಳು ಮಾಡಿದ ಕರೆಗಳು ಒಂದೂ ತಲುಪಲಿಲ್ಲ. ರೀಚಾರ್ಜಿನ ಅವಧಿ ಮುಗಿದಿತ್ತು, ಅಷ್ಟೇ. ಎಚ್ಚರಿಕೆಯ ಮೆಸೇಜ್ ಬಂದಿರಲಿಲ್ಲವೇ ಎಂದು ಕೇಳಿದೆ. "ಎಂತದೋ ಬಂದಿತ್ತು ಮಗ, ಮಲಯಾಳದಲ್ಲಿ ಇತ್ತು. ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಎಲ್ಲಿ ಬರ್ತದೆ ನನಗೆ?" ಎಂದರು. ಸರಿ, ಗ್ರಾಹಕ ಸೇವೆಗೆ ನಾನೇ ಫೋನ್ ಮಾಡಿದೆ. ಮಲಯಾಳಕ್ಕೆ ಒಂದು ಅಂಕಿ, ಇಂಗ್ಲಿಷಿಗೆ ಒಂದು, ಹಿಂದಿಗೆ ಒಂದು. ಕನ್ನಡಕ್ಕೆ ಒತ್ತಲು ಅಂಕಿಯೇ ಇಲ್ಲ. ಅದೇ ಕಂಪೆನಿ ಹತ್ತು ಕಿಲೋಮೀಟರ್ ಆಚೆ ದಿನವಿಡೀ ಕನ್ನಡದಲ್ಲಿ ಮಾತಾಡುತ್ತದೆ!

2ಜಿ ಕಾಲದಲ್ಲಿ ಕಂಪೆನಿಗಳಿಗೆ ಒಂದು ನೆಪವಾದರೂ ಇತ್ತು. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿದರೆ ಕನ್ನಡ ಲಿಪಿಯಲ್ಲಿ 70 ಮಾತ್ರ. ಅದರಲ್ಲೂ ಗುಣಿತದ ಚಿಹ್ನೆ, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕ. ಎಷ್ಟೋ ಫೋನುಗಳಲ್ಲಿ ಕನ್ನಡದ ಬದಲು ಚೌಕಗಳ ಸಾಲು ಕಾಣುತ್ತಿತ್ತು. ಇಂದು ಆ ತೊಡಕು ಎಲ್ಲಿದೆ? ಸಾಮಾನ್ಯ ಕೈಫೋನೂ ಕನ್ನಡ ತೋರಿಸುತ್ತದೆ. 2022ರ ಅಕ್ಟೋಬರ್ 1ರಿಂದ ದೇಶದಲ್ಲಿರುವ 5ಜಿಯ ಜಾಲವಂತೂ ಬಹುಪಾಲು ಸಾಫ್ಟ್‌ವೇರಿನಿಂದಲೇ ನಡೆಯುವಂಥದ್ದು. ಯಾವ ಗ್ರಾಹಕನಿಗೆ ಯಾವ ಹಾಡಿನ ಜಾಹೀರಾತು ಹಿಡಿಸೀತು ಎಂದು ಬಲ್ಲವರಿಗೆ ಆತನ ಭಾಷೆ ಯಾವುದೆಂದು ತಿಳಿಯುವುದು ಕಷ್ಟವೇ?

ಕೇರಳ ಸರಕಾರದ 1969ರ ಅಧಿಕೃತ ಭಾಷಾ ಕಾಯ್ದೆಯೇ ಇಲ್ಲಿನ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಅವಕಾಶ ಕೊಟ್ಟಿದೆ. ಅದು ಎಷ್ಟು ಪಾಲನೆಯಾಗುತ್ತದೆ ಎಂಬುದು ಬೇರೆ ಚರ್ಚೆ. ಸರಕಾರ ಒಪ್ಪಿಕೊಂಡ ಮಾತನ್ನು ತಿಂಗಳು ತಿಂಗಳು ನಮ್ಮಿಂದ ದುಡ್ಡು ಪಡೆಯುವ ಕಂಪೆನಿ ಒಪ್ಪಬಾರದೇ?

"ಕರ್ನಾಟಕದ ಸಿಮ್ ತೆಗೆದುಕೊಳ್ಳಿ ಮಾರಾಯ್ರೆ" ಎನ್ನುವವರಿದ್ದಾರೆ. ಅಂದರೆ ನನ್ನ ಭಾಷೆ ಬೇಕಾದರೆ ನಾನೇ ಗಡಿ ದಾಟಬೇಕು ಎಂದಾಯಿತು. "ಆ್ಯಪಿನಲ್ಲಿ ಭಾಷೆ ಬದಲಾಯಿಸಬಹುದಲ್ಲ" ಎನ್ನುವವರೂ ಇದ್ದಾರೆ. ಚಿಕ್ಕಮ್ಮನ ಕೀಪ್ಯಾಡ್ ಫೋನಿನಲ್ಲಿ ಯಾವ ಆ್ಯಪ್?

ಇದು ಮಲಯಾಳದ ಮೇಲಿನ ಮುನಿಸಲ್ಲ. ಮಂಗಳೂರಿನಲ್ಲಿ ನೆಲಸಿದ ಮಲಯಾಳಿ ಅಜ್ಜಿಗೂ ಇದೇ ನ್ಯಾಯ ಸಿಗಬೇಕು. ಅಕ್ಕಲಕೋಟೆ, ಜತ್ತ, ತಾಳವಾಡಿ, ಹೊಸೂರುಗಳ ಕನ್ನಡಿಗರೂ ಬೇರೆ ರಾಜ್ಯದ ಸರ್ಕಲ್‌ಗಳಲ್ಲೇ ಇದ್ದಾರೆ. ಕೇಳುವುದು ದೊಡ್ಡದೇನಲ್ಲ. ಸಿಮ್ ಕೊಡುವಾಗಲೇ "ನಿಮ್ಮ ಭಾಷೆ ಯಾವುದು?" ಎಂದು ಕೇಳಲಿ. ಆ ಉತ್ತರ ಸರ್ಕಲ್ಲಿಗೆ ಅಂಟದೆ ನಂಬರಿಗೆ ಅಂಟಲಿ. ಎಚ್ಚರಿಕೆಯ ಮೆಸೇಜ್, ಸಹಾಯವಾಣಿಯ ದನಿ ಎರಡೂ ಆ ಭಾಷೆಯಲ್ಲೇ ಬರಲಿ. ಇದನ್ನು ಕಡ್ಡಾಯ ಮಾಡಲು ಟ್ರಾಯ್ ಒಂದು ಆದೇಶ ಹೊರಡಿಸಿದರೆ ಸಾಕು. ರೋಮಿಂಗಿನ ವಿಷಯದಲ್ಲಿ ದಾರಿ ತೆರೆದದ್ದೂ ಅದರ ಆದೇಶಗಳೇ ಅಲ್ಲವೇ? ನಮ್ಮ ಸಂಘಟನೆಗಳು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಭಾಷಣ ಮಾಡುವ ಜೊತೆಗೆ ಈ ಒಂದು ಮನವಿಯನ್ನು ಬರೆದು ಕಳಿಸಲಿ.

6ಜಿಯ ಮಾತು ಈಗಾಗಲೇ ಶುರುವಾಗಿದೆ. ಬರಲಿ, ಸಂತೋಷ. ಅದಕ್ಕೆ ಮೊದಲು ಚಿಕ್ಕಮ್ಮನಿಗೆ ಓದಲು ಬರುವ ಒಂದು ಮೆಸೇಜ್ ಬರಲಿ.