ಗದ್ದಲದೊಳಗಿನ ಕಂಪನ

ಮುಧೋಳ ಸೀಮೆಯ ಬೆಳಗಲಿ ಕವಿ ರನ್ನನ ಹುಟ್ಟೂರು; ಅವನ ಹೆಸರು ಸೇರಿ ಅದು ಇಂದು ರನ್ನ ಬೆಳಗಲಿ ಎನಿಸಿದೆ. ರನ್ನನಿಗೆ ಅಜಿತಪುರಾಣವನ್ನು ರಚಿಸಲು ಆಶ್ರಯವಿತ್ತವಳು ದಾನಚಿಂತಾಮಣಿ ಅತ್ತಿಮಬ್ಬೆ. ಆಕೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಪ್ರತಿಗಳು ಹಲವಿದ್ದರೆ ಒಂದು ಲಾಭವುಂಟು. ಲಿಪಿಕಾರರ ತಪ್ಪು ಒಂದೊಂದು ಪ್ರತಿಯಲ್ಲಿ ಒಂದೊಂದು ಬಗೆ. ಕವಿಯ ಮಾತು ಮಾತ್ರ ಎಲ್ಲದರಲ್ಲಿಯೂ ಒಂದೇ. ಓಲೆಗರಿಗಳನ್ನು ಹೋಲಿಸಿ ಓದುವ ಪಂಡಿತನು ತಪ್ಪನ್ನು ತಳ್ಳಿ ಮೂಲಪಾಠವನ್ನು ಎತ್ತಿಕೊಳ್ಳುತ್ತಾನೆ. ಅಣುಗಳ ಕಂಪನವನ್ನು ಅರಸುವ ವಿಜ್ಞಾನಿಗಳೂ ಹಿಡಿದಿರುವುದು ಇಂತಹುದೇ ದಾರಿ.

ನೈಟ್ರೋಜನ್ ಅಣುವಿನ ಎರಡು ಪರಮಾಣುಗಳು ಸದಾ ಹತ್ತಿರ ಸರಿಯುತ್ತ, ದೂರ ಸರಿಯುತ್ತ ಕಂಪಿಸುತ್ತಿರುತ್ತವೆ. ಇಂತಹ ಒಂದು ಕಂಪನಕ್ಕೆ ಹಿಡಿಯುವ ಕಾಲ ಸುಮಾರು 14 ಫೆಮ್ಟೋಸೆಕೆಂಡು. ಒಂದು ಸೆಕೆಂಡನ್ನು ಕೋಟಿ ಪಾಲು ಮಾಡಿ, ಅದರ ಒಂದು ಪಾಲನ್ನು ಮತ್ತೆ ಹತ್ತು ಕೋಟಿ ಪಾಲು ಮಾಡಿದರೆ ದೊರೆಯುವುದೇ ಒಂದು ಫೆಮ್ಟೋಸೆಕೆಂಡು! ಇಷ್ಟು ಕಿರಿಯ ಕ್ಷಣವನ್ನು ಹಿಡಿಯಲು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ 2009ರಿಂದ ಒಂದು ಮಹಾಯಂತ್ರವು ಎಕ್ಸ್ ಕಿರಣಗಳ ಅತಿ ಕ್ಷಣಿಕ ಮಿಂಚುಗಳನ್ನು ಸೂಸುತ್ತಿದೆ. ಲೇಸರ್ ಮಿಂಚೊಂದು, ಎಕ್ಸ್ ಕಿರಣದ ಮಿಂಚೊಂದು ಅಣುವಿಗೆ ತಗಲುತ್ತವೆ. ಎರಡರ ನಡುವಣ ಅಂತರವೇ ಗಡಿಯಾರ.

ತೊಡಕಿರುವುದು ಈ ಗಡಿಯಾರದಲ್ಲಿಯೇ. ನೈಟ್ರೋಜನ್ ಅಣುವನ್ನು ಸಿಡಿಸಿ ನೋಡಿದ ಒಂದು ಪ್ರಯೋಗದಲ್ಲಿ ಅದರ ಅನಿಶ್ಚಯವು 300 ಫೆಮ್ಟೋಸೆಕೆಂಡಿನಷ್ಟಿತ್ತು. ಅಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಂಪನಗಳು ಮುಗಿದುಹೋಗಬಲ್ಲವು. ಸಾಲದುದಕ್ಕೆ ಒಂದೊಂದು ದಾಖಲೆಯೂ ಗದ್ದಲದಿಂದ ಮಸುಕು. ದಾರ ಕಳಚಿ, ಗರಿಗಳು ಹಿಂದುಮುಂದಾಗಿ, ಅಕ್ಷರಗಳೂ ಸವೆದ ಓಲೆಯ ಕಟ್ಟಿನಂತೆ!

ವಿಸ್ಕಾನ್ಸಿನ್-ಮಿಲ್ವಾಕಿ ವಿಶ್ವವಿದ್ಯಾನಿಲಯದ ಅಬ್ಬಾಸ್ ಉರ್ಮಜ್ದ್ ಮತ್ತು ಸಂಗಡಿಗರು 2016ರಲ್ಲಿ ಈ ಕಟ್ಟನ್ನು ಗಣಿತದಿಂದ ಬಿಡಿಸಿ ತೋರಿಸಿದರು. ಅವರು ದಾಖಲೆಗಳನ್ನು ಒಂದೊಂದಾಗಿ ನಂಬಲಿಲ್ಲ. ಸಾಲಾಗಿ ಬಂದ ಅನೇಕ ದಾಖಲೆಗಳನ್ನು ಒಂದೇ ಗೊಂಚಲಾಗಿ ಹೆಣೆದರು. ಒಂದು ಗೊಂಚಲಿನ ಬಹುಭಾಗ ಮುಂದಿನದರಲ್ಲಿಯೂ ಇರುವಂತೆ ನೋಡಿಕೊಂಡರು. ಗದ್ದಲಕ್ಕೆ ಒಗ್ಗಟ್ಟಿಲ್ಲ, ಅದು ಬಂದಂತೆ ಬಂದು ಹೋಗುತ್ತದೆ. ಕಂಪನವೋ ಗೊಂಚಲಿನಿಂದ ಗೊಂಚಲಿಗೆ ಕ್ರಮವಾಗಿ ಮುಂದುವರಿಯುತ್ತದೆ. ಹೀಗೆ ಕ್ರಮವುಳ್ಳದ್ದನ್ನು ಕ್ರಮವಿಲ್ಲದ್ದರಿಂದ ಬೇರ್ಪಡಿಸಿದಾಗ, ಕೆಲವೇ ಫೆಮ್ಟೋಸೆಕೆಂಡುಗಳ ಚಲನೆ ಸ್ಪಷ್ಟವಾಯಿತು.

ಆದರೆ ಇಲ್ಲೊಂದು ಅಪಾಯವುಂಟು. ಎಲ್ಲ ಪ್ರತಿಗಳೂ ತಪ್ಪುಳ್ಳ ಒಂದೇ ಪ್ರತಿಯಿಂದ ಇಳಿದವಾದರೆ, ಆ ತಪ್ಪೂ ಎಲ್ಲದರಲ್ಲಿ ಒಂದೇ ಆಗಿರುತ್ತದೆ. ಪಂಡಿತನು ಅದನ್ನೇ ಕವಿಯ ಮಾತೆಂದು ಭ್ರಮಿಸಿಯಾನು. ಯಂತ್ರದ ದೋಷವೂ ಹಾಗೆಯೇ ಕಂಪನದ ವೇಷ ಹಾಕೀತು.

ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ನರಿಗೂ ಅವರ ಶಿಷ್ಯರಿಗೂ ಎದುರಾದುದು ಇದೇ ಸಂದೇಹ. ದ್ರವಗಳಲ್ಲಿ ಕಂಡ ಅತಿ ಮಂದವಾದ ಹೊಸ ಬೆಳಕು ಕಲ್ಮಷದ ಹೊಳಪಿರಬಹುದೇ? ದ್ರವಗಳನ್ನು ಮತ್ತೆ ಮತ್ತೆ ಬಟ್ಟಿಯಿಳಿಸಿ ಶುದ್ಧಮಾಡಿ ನೋಡಿದರು, ಬೆಳಕು ಮಾಸಲಿಲ್ಲ. ಅದು ಅಣುಗಳ ಕಂಪನದ ಮುದ್ರೆ ಹೊತ್ತ ಬೆಳಕೆಂಬುದು 1928ರಲ್ಲಿ ಸಿದ್ಧವಾಯಿತು. 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಾಮನ್ನರು 1933ರಲ್ಲಿ ಬೆಂಗಳೂರಿಗೆ ಬಂದು ಅಲ್ಲಿಯೇ ನೆಲೆಸಿದರು.

ಉರ್ಮಜ್ದ್ ಬಳಗವೂ ತಾನು ಕಂಡ ಕಂಪನವನ್ನು ಸಿದ್ಧಾಂತದ ಲೆಕ್ಕದೊಡನೆ ಹೋಲಿಸಿತು, ಎರಡೂ ಹೊಂದಿದವು. ಗದ್ದಲದಲ್ಲಿ ನಾದವನ್ನು ಕೇಳುವುದು ಅರ್ಧ ಕೆಲಸ. ಕೇಳಿಸಿದ್ದು ನಾದವೇ ಹೌದೆಂದು ಪರೀಕ್ಷಿಸುವುದು ಉಳಿದರ್ಧ.